ವೃತ್ತಿ ಬಿಟ್ಟು ಜನಹಿತದ ವಕೀಲಿಕೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೇಳು ವರ್ಷ ಬ್ಯಾಂಕಿನಲ್ಲಿ ದುಡಿದು, ನಲವತ್ತೊಂದನೆಯ ವಯಸ್ಸಿನಲ್ಲಿ ಕಾನೂನು ಕಾಲೇಜಿನ ಬೆಂಚಿನ ಮೇಲೆ ಕುಳಿತವಳು ನಾನು. ಈಗ ಉಡುಪಿಯಲ್ಲಿ ವಕೀಲಿ ವೃತ್ತಿಯಲ್ಲಿದ್ದೇನೆ, ಆಗಾಗ ಮಂಗಳೂರಿನ ನ್ಯಾಯಾಲಯಗಳಿಗೂ ಹೋಗುತ್ತೇನೆ. ನನ್ನಂತೆಯೇ ವೃತ್ತಿ ಬಿಟ್ಟು, ಬಡವರ ಪರ ನಿಲ್ಲುವ ಜನಹಿತದ ವಕೀಲಿಕೆಗೆ ಬರಲು ಮನಸ್ಸು ಮಾಡಿದವರು ಕೇಳಿಕೊಂಡು ಬರುವುದುಂಟು. ಅವರಲ್ಲಿ ಶಿಕ್ಷಕರಿದ್ದಾರೆ, ಆಸ್ಪತ್ರೆಯ ದಾದಿಯರಿದ್ದಾರೆ, ಗಲ್ಫಿನಿಂದ ಮರಳಿದ ಎಂಜಿನಿಯರುಗಳಿದ್ದಾರೆ, ಬ್ಯಾಂಕಿನವರಂತೂ ಇದ್ದೇ ಇದ್ದಾರೆ. ಅವರೊಡನೆ ಕುಳಿತು ಮಾತನಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನನಗೆ ನಲವತ್ತು ದಾಟಿದೆ. ಈಗ ಕಾನೂನು ಓದಲು ಬಿಡುತ್ತಾರೆಯೇ?

ಬಿಡುತ್ತಾರೆ. ಮೂರು ವರ್ಷದ ಎಲ್‌ಎಲ್‌ಬಿಗೆ ಮೂವತ್ತು ವರ್ಷದ ಮಿತಿ ಹಾಕಲು ಭಾರತೀಯ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) ಹೊರಟಿದ್ದು ನಿಜ. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ತಡೆಯಾಜ್ಞೆ ಬಂತು. ನನ್ನ ತರಗತಿಯಲ್ಲಿ ನನಗಿಂತ ಹಿರಿಯರು ಇಬ್ಬರಿದ್ದರು.

ವಯಸ್ಸಿನ ಕಷ್ಟ ಗೊತ್ತಾಗುವುದು ಓದು ಮುಗಿದ ಮೇಲೆ. ನನ್ನ ಸೀನಿಯರ್, ಅಂದರೆ ಯಾರ ಕೈಕೆಳಗೆ ಕೆಲಸ ಕಲಿತೆನೋ ಆ ವಕೀಲರು, ನನಗಿಂತ ಒಂಬತ್ತು ವರ್ಷ ಚಿಕ್ಕವರು. ಶಾಖೆಯಲ್ಲಿ ಹತ್ತು ಜನ ನನ್ನ ಸಹಿಗೆ ಕಾಯುತ್ತಿದ್ದ ಕಾಲವೊಂದಿತ್ತು. ಆಮೇಲೆ ಸೀನಿಯರ್ ಅವರ ಕಡತ ಹೊತ್ತುಕೊಂಡು, ನ್ಯಾಯಾಲಯದ ಕಚೇರಿಯಲ್ಲಿ ಪ್ರಮಾಣೀಕೃತ ನಕಲಿಗಾಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ಇದು ಸಹಜ ಎಂದು ನಿಮ್ಮ ಮನಸ್ಸು ಮೊದಲೇ ಒಪ್ಪಿಕೊಂಡರೆ ಉಳಿದದ್ದು ಸುಲಭ.

ಜನಹಿತದ ವಕೀಲಿಕೆ ಎಂದರೆ ಹೈಕೋರ್ಟಿನಲ್ಲಿ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕುವುದೇ?

ಬರುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಇರುವುದು ಈ ಚಿತ್ರವೇ. ಅದಕ್ಕೆ ಕಾರಣವೂ ಇದೆ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಪರವಾಗಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. 1979ರ ಆ ಹುಸೈನಾರಾ ಖಾತೂನ್ ಪ್ರಕರಣದಿಂದ ಶೀಘ್ರ ವಿಚಾರಣೆಯೂ ಬದುಕಿನ ಹಕ್ಕಿನ ಭಾಗವೆಂದು ಸ್ಥಿರವಾಯಿತು. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇನ್ನೊಂದು ಬಾಗಿಲು ತೆರೆದರು. ತಾನೇ ನ್ಯಾಯಾಲಯಕ್ಕೆ ಬರಲಾಗದ ಬಡವನ ಪರವಾಗಿ ಬೇರೊಬ್ಬರು ಒಳ್ಳೆಯ ಮನಸ್ಸಿನಿಂದ ಬಂದರೂ ಕೇಳಬೇಕು ಎಂದರು. ಸಂವಿಧಾನದ 32 ಮತ್ತು 226ನೇ ವಿಧಿಗಳು ಇದಕ್ಕೆ ಆಧಾರ.

ನಮ್ಮ ಜಿಲ್ಲೆಗಳಿಗೂ ಅದರಿಂದ ಉಪಕಾರವಾಗಿದೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮುಂದೆ ಆ ಮನೆಗಳಲ್ಲಿ ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳ ಸ್ಥಿತಿ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷದ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಸಂತ್ರಸ್ತರ ಪರಿಹಾರದ ಪ್ರಶ್ನೆ ರಾಜ್ಯದ ಹೈಕೋರ್ಟಿನ ಮುಂದೆಯೂ ಬಂತು.

ಆದರೆ ಆದೇಶ ಬಂದ ಮರುದಿನದಿಂದ ಶುರುವಾಗುವ ಕೆಲಸವೊಂದಿದೆ, ಅದನ್ನು ನೋಡಿ. ಹಾಸಿಗೆ ಹಿಡಿದ ಮಗನಿಗೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅದರಲ್ಲಿ ಬರೆಯುವ ಶೇಕಡಾವಾರು ಲೆಕ್ಕದ ಮೇಲೆ ಮಾಸಾಶನ ನಿಂತಿರುತ್ತದೆ. ತಾಯಿಗೆ ಅರುವತ್ತೈದು. ಆ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಯಾರು ಹೋಗುತ್ತಾರೆ? ತಿರಸ್ಕಾರವಾದರೆ ಮೇಲ್ಮನವಿ ಯಾರು ಬರೆಯುತ್ತಾರೆ? ನನ್ನ ಲೆಕ್ಕದಲ್ಲಿ ಜನಹಿತದ ವಕೀಲಿಕೆಯ ಬಹುಪಾಲು ಇಲ್ಲಿದೆ. ಬೀಡಿ ಕಟ್ಟುವವರ ಭವಿಷ್ಯನಿಧಿ, ಕೊರಗ ಎಂಬ ಆದಿವಾಸಿ ಸಮುದಾಯದ ಕುಟುಂಬದ ಮನೆ ನಿವೇಶನ, ಮೂಲಗೇಣಿ (ಶಾಶ್ವತ ಗೇಣಿ) ಒಕ್ಕಲಿನ ಮಾಲಿಕತ್ವ, ವೃದ್ಧ ತಾಯಿತಂದೆಯರ ಜೀವನಾಂಶ, ವಿಚಾರಣಾಧೀನ ಕೈದಿಯ ಜಾಮೀನು, ಇವೆಲ್ಲ ಒಬ್ಬೊಬ್ಬರದೇ ಪ್ರಕರಣಗಳು. ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಇವುಗಳಲ್ಲಿ ಒಂದರಿಂದ ನಿಜವಾದ ಪಿಐಎಲ್ ಹುಟ್ಟಬಹುದು. ಮೊದಲೇ ಪಿಐಎಲ್ ಹುಡುಕಿಕೊಂಡು ಹೊರಟವರ ಅರ್ಜಿಗಳು ನಿಲ್ಲುವುದು ಕಡಿಮೆ. 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರ ಹೈಕೋರ್ಟುಗಳು ಪೊಳ್ಳು ಪಿಐಎಲ್ ತಡೆಯಲೆಂದೇ ನಿಯಮ ಮಾಡಿವೆ, ಕರ್ನಾಟಕದ್ದು 2018ರದು. ಅರ್ಜಿದಾರ ಯಾರು, ಅವನ ಸ್ವಂತ ಲಾಭವೇನಾದರೂ ಇದೆಯೇ ಎಂದು ಮೊದಲೇ ನೋಡುತ್ತಾರೆ. ಹುರುಳಿಲ್ಲದಿದ್ದರೆ ದಂಡವೂ ಬೀಳುತ್ತದೆ.

ಎಲ್ಲಿ ಓದಬಹುದು? ಎಷ್ಟು ಅಂಕ ಬೇಕು?

ಯಾವುದಾದರೂ ಪದವಿ ಇದ್ದರೆ ಮೂರು ವರ್ಷದ ಎಲ್‌ಎಲ್‌ಬಿ ಸಾಕು. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45, ಇತರ ಹಿಂದುಳಿದ ವರ್ಗಗಳಿಗೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಇರಬೇಕು. ಉಡುಪಿಯ ಕುಂಜಿಬೆಟ್ಟಿನಲ್ಲಿ ವೈಕುಂಠ ಬಾಳಿಗಾ ಕಾನೂನು ಕಾಲೇಜು, ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಎಸ್‌ಡಿಎಂ ಕಾನೂನು ಕಾಲೇಜು, ಪುತ್ತೂರಿನಲ್ಲಿ ವಿವೇಕಾನಂದ ಕಾನೂನು ಕಾಲೇಜು ಇವೆ. ಮೂರೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಿಂದ ಮೂರು ವರ್ಷದ ಪದವಿ ನಡೆಸುತ್ತಿದೆ, ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ಈ ಜಿಲ್ಲೆಗಳಲ್ಲಿಯೇ ಕೆಲಸ ಮಾಡುವ ಮನಸ್ಸಿದ್ದರೆ ಇಲ್ಲಿಯೇ ಓದಿ. ಇಂದಿನ ಸಹಪಾಠಿಗಳೇ ನಾಳೆ ಎದುರು ಪಕ್ಷದ ವಕೀಲರಾಗಿ, ಸರ್ಕಾರಿ ಅಭಿಯೋಜಕರಾಗಿ ಸಿಗುತ್ತಾರೆ. ಆ ಪರಿಚಯಕ್ಕೆ ಬೆಲೆ ಕಟ್ಟಲಾಗದು.

ಕೆಲಸ ಬಿಡದೆ ಓದಬಹುದೇ? ದೂರಶಿಕ್ಷಣ ಇದೆಯೇ?

ವಕೀಲರಾಗಿ ನೋಂದಾಯಿಸಿಕೊಳ್ಳಲು ಬೇಕಾದ ಎಲ್‌ಎಲ್‌ಬಿ ದೂರಶಿಕ್ಷಣದಲ್ಲಿ ಇಲ್ಲ. ‘ಮನೆಯಲ್ಲೇ ಕುಳಿತು ಎಲ್‌ಎಲ್‌ಬಿ’ ಎಂಬ ಜಾಹೀರಾತು ಕಂಡರೆ ಹಣ ಕಟ್ಟಬೇಡಿ. ಪ್ರತಿ ವಿಷಯಕ್ಕೂ ಶೇ 70 ಹಾಜರಿ ಬೇಕೆನ್ನುತ್ತದೆ ನಿಯಮ. ಕೆಲಸದಲ್ಲಿರುವ ವಿದ್ಯಾರ್ಥಿಗಳು ಅದನ್ನು ತಿಳಿಸಬೇಕು, ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಕೊಡಬೇಕು ಎಂದು 2024ರ ಸೆಪ್ಟೆಂಬರಿನಲ್ಲಿ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿದೆ.

ಬೆಳಗಿನ ಪಾಳಿಯ ತರಗತಿ ಮುಗಿಸಿ ಮಧ್ಯಾಹ್ನ ಕೆಲಸಕ್ಕೆ ಹೋಗಿ ಓದಿದವರನ್ನು ನಾನು ಬಲ್ಲೆ. ಹಾಜರಿಯನ್ನು ‘ಹೊಂದಿಸಿಕೊಂಡು’ ಓದಿದವರನ್ನೂ ಬಲ್ಲೆ. ನಾಳೆ ಮತ್ತೊಬ್ಬರ ಪರವಾಗಿ ಸತ್ಯಪ್ರಮಾಣಪತ್ರಕ್ಕೆ ಕೈ ಹಾಕುವವರು ತಮ್ಮ ಹಾಜರಿಯಲ್ಲಿಯೇ ಸುಳ್ಳು ಬರೆಸಿ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ನಾನು ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಿದೆ, ಸಿಗಲಿಲ್ಲ. ರಾಜೀನಾಮೆ ಕೊಟ್ಟೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಗುತ್ತದೆಯೇ?

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಜಿಲ್ಲಾ ಮತ್ತು ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ, ಸಾಕ್ಷಿ ಹೇಳಿಕೆ ಕನ್ನಡದಲ್ಲಿಯೇ ದಾಖಲಾಗುತ್ತದೆ. ಹೈಕೋರ್ಟಿಗೆ ಇಂಗ್ಲಿಷ್ ಬೇಕು, ಮೇಲಿನ ನ್ಯಾಯಾಲಯಗಳ ತೀರ್ಪು ಓದಲೂ ಬೇಕು. ಅದು ಓದುತ್ತ ಓದುತ್ತ ಬರುತ್ತದೆ. ನಮ್ಮ ಕಡೆ ಅದಕ್ಕಿಂತ ಹೆಚ್ಚು ಬೇಕಾಗುವುದು ತುಳು, ಕುಂದಾಪುರದ ಕಡೆಗೆ ಹೋದರೆ ಅಲ್ಲಿಯ ಕನ್ನಡ, ಬ್ಯಾರಿ ಮತ್ತು ಕೊಂಕಣಿ ಕೇಳಿದರೆ ಅರ್ಥವಾಗುವಷ್ಟು ಕಿವಿ. ಮನೆಯ ಮಾತಿನಲ್ಲಿ ಹೇಳುವಾಗ ಕಕ್ಷಿದಾರರು ಬಿಡಿಸಿ ಹೇಳುವ ಎಷ್ಟೋ ಸಂಗತಿಗಳು ಕಚೇರಿಯ ಕನ್ನಡದಲ್ಲಿ ಹೊರಗೇ ಬರುವುದಿಲ್ಲ.

ಪದವಿ ಮುಗಿದ ಮೇಲೆ ಏನು?

ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಸನದು, ಅಂದರೆ ವಕೀಲಿಯ ಪರವಾನಗಿ, ಪಡೆಯಬೇಕು. 1961ರ ವಕೀಲರ ಕಾಯ್ದೆಯ ಪ್ರಕಾರ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ರಾಜ್ಯ ಪರಿಷತ್ತುಗಳು ಅದರ ಮೇಲೆ ಸಾವಿರಗಟ್ಟಲೆ ಸೇರಿಸಿ ಪಡೆಯುತ್ತಿದ್ದವು, ಹಾಗೆ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿತು. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಟಿಪ್ಪಣಿಗಳಿಲ್ಲದ ಕಾಯ್ದೆ ಪುಸ್ತಕಗಳನ್ನು ಒಳಗೆ ಒಯ್ಯಬಹುದು, ಪುಟ ಹುಡುಕುವ ಅಭ್ಯಾಸವಿದ್ದವರಿಗೆ ಹೆದರಿಕೆಯಿಲ್ಲ.

ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಸನದು ಪಡೆದ ವಕೀಲರು ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿ ಇರುವಂತಿಲ್ಲ ಎನ್ನುತ್ತದೆ ಪರಿಷತ್ತಿನ 49ನೇ ನಿಯಮ. ಸ್ವಯಂಸೇವಾ ಸಂಸ್ಥೆಯಲ್ಲಿ ಸಂಬಳಕ್ಕೆ ಸೇರಿಕೊಂಡು ಅದೇ ಸಂಸ್ಥೆಯ ಪ್ರಕರಣ ನಡೆಸುತ್ತೇನೆ ಎಂದುಕೊಂಡವರು ಇಲ್ಲಿಯೇ ಎಡವುತ್ತಾರೆ.

ಹಣ?

ಸುತ್ತಿ ಬಳಸದೆ ಹೇಳುತ್ತೇನೆ. ಮೂರು ವರ್ಷ ಓದು, ಮೂರು ನಾಲ್ಕು ವರ್ಷ ಜೂನಿಯರ್‌ಗಿರಿ. ಈ ಆರೇಳು ವರ್ಷ ಮನೆ ನಿಮ್ಮ ದುಡಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಜೂನಿಯರ್ ಆಗಿ ಮೊದಲ ವರ್ಷ ನನ್ನ ಕೈಗೆ ಬಂದದ್ದು ತಿಂಗಳಿಗೆ ನಾಲ್ಕು ಸಾವಿರ. ಕಿರಿಯ ವಕೀಲರಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದೆ. ಅದು ಶಿಫಾರಸು ಮಾತ್ರ. ಜಿಲ್ಲಾ ಕೇಂದ್ರದ ಸಣ್ಣ ಛೇಂಬರಿನಲ್ಲಿ ಅಷ್ಟು ಸಿಗುತ್ತದೆಂದು ಲೆಕ್ಕ ಹಾಕಿಕೊಂಡು ಬರಬೇಡಿ.

ನಾನು ಮಾಡಿದ್ದು ಇಷ್ಟು. ರಾಜೀನಾಮೆಗೆ ಮೂರು ವರ್ಷ ಮೊದಲೇ ಗೃಹಸಾಲ ತೀರಿಸಲು ಹೊರಟೆ. ಕಾರು ಕೊಳ್ಳುವ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ಕೆಲಸದೊಡನೆ ಆರೋಗ್ಯ ವಿಮೆಯೂ ಹೋಗುತ್ತದೆ ಎಂಬುದು ಅನೇಕರಿಗೆ ಆಸ್ಪತ್ರೆಯ ಬಾಗಿಲಲ್ಲಿ ನೆನಪಾಗುತ್ತದೆ, ಆದ್ದರಿಂದ ಕುಟುಂಬಕ್ಕೆ ಸ್ವಂತ ಪಾಲಿಸಿ ಮಾಡಿಸಿದೆ. ಸನದು ಸಿಕ್ಕಿದೊಡನೆ ವಕೀಲರ ಕಲ್ಯಾಣ ನಿಧಿಯ ಸದಸ್ಯಳಾದೆ.

ಜನಹಿತದ ಕೆಲಸದಿಂದಲೇ ಹೊಟ್ಟೆ ತುಂಬಬೇಕೆಂಬ ಹಟ ಬೇಡ. ನನ್ನ ಅರ್ಧ ದಿನ ಸಾಮಾನ್ಯ ಸಿವಿಲ್ ದಾವೆಗಳಿಗೆ, ಪಾಲುಪಟ್ಟಿಗಳಿಗೆ, ದಸ್ತಾವೇಜು ಪರಿಶೀಲನೆಗೆ ಹೋಗುತ್ತದೆ. ಅಲ್ಲಿ ಶುಲ್ಕ ಪಡೆಯುತ್ತೇನೆ, ಅದರಿಂದ ಉಳಿದರ್ಧ ನಡೆಯುತ್ತದೆ. ಮೂರು ವರ್ಷ ಅನುಭವವಾದ ಮೇಲೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರಾಗಲು ಅರ್ಜಿ ಹಾಕಬಹುದು. ಗೌರವಧನ ದೊಡ್ಡದಲ್ಲ. ಆದರೆ ಅಲ್ಲಿ ಬರುವ ಮಹಿಳೆಯರು, ಮಕ್ಕಳು, ಕಾರ್ಮಿಕರು, ಬಂಧನದಲ್ಲಿರುವವರು ನೀವು ಯಾರಿಗಾಗಿ ಈ ದಾರಿ ಹಿಡಿದಿರೋ ಅವರೇ. 2022ರಿಂದ ಆರೋಪಿಗಳ ಪರ ವಾದಿಸಲೆಂದೇ ಪೂರ್ಣಾವಧಿಯ ಕಾನೂನು ನೆರವು ವಕೀಲರನ್ನು ನೇಮಿಸುವ ಯೋಜನೆಯೂ ಬಂದಿದೆ.

ಇಷ್ಟು ವರ್ಷ ಮಾಡಿದ ಕೆಲಸ ವ್ಯರ್ಥವಾಗುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರಿಸಲು ಒಂದು ಸಂಜೆಯ ಕತೆ ಹೇಳಬೇಕು.

ಕಾರ್ಕಳದ ಕಡೆಯ ಒಬ್ಬ ಅಮ್ಮ ಬಂದರು. ಮೂವತ್ತು ವರ್ಷ ಬೀಡಿ ಕಟ್ಟಿದ ಕೈ, ಹೆಬ್ಬೆರಳಿನ ತುದಿ ಹಳದಿಗಟ್ಟಿತ್ತು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು. ಚೀಲವನ್ನು ಮೇಜಿನ ಮೇಲಿಡದೆ ಮಡಿಲಲ್ಲೇ ಇಟ್ಟುಕೊಂಡು, ‘ಈರ್ ಒರ ತೂಲೆ’ ಎಂದರು, ನೀವೊಮ್ಮೆ ನೋಡಿ ಎಂದು. ಪಿಂಚಣಿಯ ಅರ್ಜಿ ಎರಡು ಸಲ ತಿರಸ್ಕಾರವಾಗಿತ್ತು. ನನಗಿಂತ ಮೊದಲು ನೋಡಿದ ವಕೀಲರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಾಗುತ್ತದೆ ಎಂದಿದ್ದರಂತೆ.

ನಾನು ಕಾಗದಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದೆ. ಬ್ಯಾಂಕಿನಲ್ಲಿ ಸಾಲದ ಕಡತ ನೋಡುವಾಗ ಮಾಡುತ್ತಿದ್ದುದೂ ಅದನ್ನೇ. ಹತ್ತು ನಿಮಿಷದಲ್ಲಿ ಕಣ್ಣಿಗೆ ಬಿತ್ತು. ಹಳೆಯ ಭವಿಷ್ಯನಿಧಿ ಚೀಟಿಗಳಲ್ಲಿ ತಂದೆಯ ಹೆಸರು, ಮದುವೆಯ ಮುಂಚಿನದು. ನಡುವೆ ಬೀಡಿ ಬ್ರಾಂಚ್ ಬದಲಾದಾಗ ಗಂಡನ ಹೆಸರಿನಲ್ಲಿ ಹೊಸ ಖಾತೆ ತೆರೆದಿದ್ದರು. ಜನ್ಮದಿನಾಂಕ ಎರಡರಲ್ಲಿಯೂ ಬೇರೆ ಬೇರೆ. ಕಚೇರಿಯ ಕಣ್ಣಿಗೆ ಇವರು ಇಬ್ಬರು ಹೆಂಗಸರು, ಇಬ್ಬರಿಗೂ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಇಲ್ಲ. ಖಾತೆಗಳು ಒಂದಾದರೆ ಸೇವೆ ಹತ್ತೊಂಬತ್ತು ವರ್ಷ. ರಿಟ್ ಬೇಕಾಗಲಿಲ್ಲ. ಕೆಲಸಗಾರರೂ ಮಾಲಿಕರೂ ಸೇರಿ ಸಹಿ ಹಾಕುವ ಜಂಟಿ ಘೋಷಣೆ, ಶಾಲೆಯ ದಾಖಲೆ, ಒಂದು ಪ್ರಮಾಣಪತ್ರ, ಏಳು ತಿಂಗಳ ಓಡಾಟ. ಪಿಂಚಣಿ ಮಂಜೂರಾಯಿತು.

ಆ ದಿನ ನನಗೆ ಉಪಯೋಗಕ್ಕೆ ಬಂದದ್ದು ಕಾನೂನಿಗಿಂತ ಬ್ಯಾಂಕು. ನೀವು ದಾದಿಯಾಗಿದ್ದರೆ ವೈದ್ಯಕೀಯ ದಾಖಲೆಯಲ್ಲಿ ಬರೆಯದೆ ಬಿಟ್ಟದ್ದು ಕಾಣುತ್ತದೆ. ಎಂಜಿನಿಯರಾಗಿದ್ದರೆ ಪರಿಸರ ಪರಿಣಾಮದ ವರದಿಯ ನಕ್ಷೆಯಲ್ಲಿ ತೋಡು (ನೀರು ಹರಿಯುವ ಹಳ್ಳ) ಎಲ್ಲಿ ಮಾಯವಾಗಿದೆ ಎಂದು ಕೇಳಬಲ್ಲಿರಿ. ಸರ್ವೆ, ಕಂದಾಯದಲ್ಲಿದ್ದವರಿಗಂತೂ ಇಲ್ಲಿ ಬಂಗಾರದ ಬೆಲೆ. ಕುಮ್ಕಿ, ಕದೀಂ ವರ್ಗ, ಮೂಲಗೇಣಿ, ಡಿಕ್ಲರೇಶನ್, ಅಳಿಯಸಂತಾನದ ಕವರು, ನೆಲ ಮತ್ತು ಪಾಲಿನ ಹಕ್ಕಿಗೆ ಸಂಬಂಧಿಸಿದ ಇಂಥ ಮಾತುಗಳನ್ನು ತರಗತಿಯಲ್ಲಿ ಒಂದು ಗಂಟೆಯೂ ಕಲಿಸುವುದಿಲ್ಲ. ಆದರೆ ಕರಾವಳಿಯ ಬಡವರ ನೆಲದ ಜಗಳ ಅರ್ಧಕ್ಕರ್ಧ ಇವುಗಳ ಸುತ್ತ ಇದೆ.

ವೃತ್ತಿ ಬದಲಿಸುವುದು ಇಂದಿನವರ ಚಾಳಿ ಎನ್ನುವವರು ಮಂಗಳೂರಿನ ಪುರಭವನದ ಮೇಲಿನ ಹೆಸರು ಓದಲಿ. ಕುದ್ಮುಲ್ ರಂಗರಾಯರು ಮೊದಲು ಶಾಲಾ ಶಿಕ್ಷಕರು. ಆಮೇಲೆ ಪರೀಕ್ಷೆ ಕಟ್ಟಿ ವಕೀಲರಾದರು, ಬಡವರ ವಕೀಲರೆಂದೇ ಹೆಸರಾದರು. 1897ರಲ್ಲಿ ಅವರು ಆರಂಭಿಸಿದ ದಲಿತೋದ್ಧಾರದ ಮಿಷನ್ ಈ ಊರಿನ ಚರಿತ್ರೆಯನ್ನೇ ಬದಲಿಸಿತು.

ವಕೀಲರಾಗದೆಯೇ ಈ ಕೆಲಸ ಮಾಡಬಹುದೇ?

ಖಂಡಿತ. ಕೆಲವರಿಗೆ ನಾನೇ ಅದನ್ನು ಹೇಳಿ ಕಳುಹಿಸಿದ್ದೇನೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಬಹುದು, ತರಬೇತಿ ಅವರೇ ಕೊಡುತ್ತಾರೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಲು, ಗ್ರಾಹಕ ಆಯೋಗದಲ್ಲಿ ತಮ್ಮ ದೂರನ್ನು ತಾವೇ ವಾದಿಸಲು ಸನದು ಬೇಡ. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರನ್ನು ನೋಡಿ. ಅವರು ಬಂದದ್ದು ಔಷಧ ವಿಜ್ಞಾನದ ಅಧ್ಯಾಪನದಿಂದ. ಬಳಕೆದಾರರ ಹಕ್ಕುಗಳಿಗಾಗಿಯೂ ಎಂಡೋಸಲ್ಫಾನ್ ಸಂತ್ರಸ್ತರಿಗಾಗಿಯೂ ಅವರು ಮಾಡಿದ ಕೆಲಸ ಕಪ್ಪು ಕೋಟಿಲ್ಲದೆಯೇ ನಡೆದದ್ದು.

ಹೈಕೋರ್ಟ್ ಬೆಂಗಳೂರಿನಲ್ಲಿದೆ. ಇಲ್ಲಿ ಕುಳಿತು ಏನಾಗುತ್ತದೆ?

ಧಾರವಾಡ, ಕಲಬುರಗಿಗಳಿಗೆ 2008ರಲ್ಲಿ ಪೀಠ ಬಂತು. ಕರಾವಳಿಯ ಬೇಡಿಕೆ ಬೇಡಿಕೆಯಾಗಿಯೇ ಇದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಕಕ್ಷಿದಾರರಿಗೆ ಬೆಂಗಳೂರು ಇನ್ನಷ್ಟು ದೂರ. ವಿಡಿಯೋ ಕಲಾಪ ಮತ್ತು ಇ-ಫೈಲಿಂಗ್ ಬಂದ ಮೇಲೆ ಸ್ವಲ್ಪ ಹಗುರವಾಗಿದೆ. ಪರಿಸರದ ಪ್ರಕರಣಗಳು 2010ರ ಕಾಯ್ದೆಯಡಿ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗುತ್ತವೆ. ಎಲ್ಲಿಗೆ ಹೋದರೂ ದಾಖಲೆ ಕಟ್ಟುವ ಕೆಲಸ ಇಲ್ಲಿಯದೇ. ಬೆಂಗಳೂರಿನಲ್ಲಿ ನಂಬಿಕೆಯ ಒಬ್ಬ ವಕೀಲರಿದ್ದರೆ ಸಾಕು.

ಸೀನಿಯರ್ ಹೇಗೆ ಹುಡುಕಲಿ?

ಹೆಸರು ಕೇಳಿ ಹೋಗಬೇಡಿ. ಒಂದು ವಾರ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಸಾಕ್ಷಿಯ ಪಾಟೀಸವಾಲಿಗೆ ಯಾರು ಸಿದ್ಧರಾಗಿ ಬರುತ್ತಾರೆ, ಯಾರು ಪ್ರತಿ ಸಲ ವಾಯಿದೆ ಕೇಳುತ್ತಾರೆ, ಹೊರಗೆ ಬಂದು ಕಕ್ಷಿದಾರನಿಗೆ ಏನಾಯಿತೆಂದು ಯಾರು ಬಿಡಿಸಿ ಹೇಳುತ್ತಾರೆ. ಈ ಕೊನೆಯದನ್ನು ಮಾಡುವವರ ಬಳಿ ಕೆಲಸ ಕೇಳಿ.

ಮನೆಯವರು ಒಪ್ಪುತ್ತಿಲ್ಲ.

ಅವರ ಹೆದರಿಕೆ ಬಹುಮಟ್ಟಿಗೆ ಹಣದ್ದು. ಬಾಯಿಮಾತಿನಲ್ಲಿ ಧೈರ್ಯ ಹೇಳುವ ಬದಲು ಆರು ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ತೋರಿಸಿ. ನನ್ನ ಅತ್ತೆ ಆ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ, ಮಗಳ ಕಾಲೇಜಿನ ಶುಲ್ಕ ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ನಾನು ಅದನ್ನು ಬರೆಯಲು ಮರೆತಿದ್ದೆ. ಒಂದು ವರ್ಷ ತಡವಾಗಿ ರಾಜೀನಾಮೆ ಕೊಟ್ಟದ್ದು ಅವರ ಆ ಒಂದು ಪ್ರಶ್ನೆಯಿಂದ, ಅದು ಒಳ್ಳೆಯದೇ ಆಯಿತು.

ಬಲಾಢ್ಯರ ವಿರುದ್ಧ ನಿಂತರೆ ತೊಂದರೆಯಾಗುವುದಿಲ್ಲವೇ?

ಆಗಬಹುದು. ವಕೀಲರ ಮೇಲಿನ ಹಿಂಸೆ ತಡೆಯಲು ಕರ್ನಾಟಕ 2023ರ ಕಾಯ್ದೆ ಮಾಡಿದೆ, ವಕೀಲರ ಸಂಘವೂ ಜೊತೆಗಿರುತ್ತದೆ. ಆದರೆ ನಮಗಿಂತ ಹೆಚ್ಚು ಅಪಾಯ ಕಕ್ಷಿದಾರರಿಗೆ. ಕೊರಗರನ್ನು ಕೀಳಾಗಿ ಕಂಡು ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು 2000ದ ಕಾಯ್ದೆ ನಿಷೇಧಿಸಿದೆ. ಆದರೂ ಒಂದು ಕೊರಗ ಕುಟುಂಬ ಊರಿನ ದೊಡ್ಡವರ ಮೇಲೆ ದೂರು ಕೊಟ್ಟರೆ ಮರುದಿನ ಅದೇ ಊರಿನ ಅಂಗಡಿಗೆ, ಅದೇ ಬಾವಿಗೆ ಹೋಗಬೇಕು. ದೂರು ಬರೆಯುವ ಮೊದಲು ಅವರ ಜೊತೆ ಕುಳಿತು, ಮುಂದೇನಾಗಬಹುದೆಂದು ಹೇಳಿ, ನಿರ್ಧಾರವನ್ನು ಅವರಿಗೇ ಬಿಡಿ. ಬೇಡವೆಂದರೆ ಬೇಡ. ನಮ್ಮ ಆವೇಶಕ್ಕೆ ಅವರ ಬದುಕನ್ನು ಒತ್ತೆ ಇಡುವ ಹಕ್ಕು ನಮಗಿಲ್ಲ.

ಈ ವಾರವೇ ಏನಾದರೂ ಮಾಡಬೇಕೆನಿಸಿದೆ. ಎಲ್ಲಿಂದ ಆರಂಭಿಸಲಿ?

ಒಂದು ದಿನ ರಜೆ ಹಾಕಿ ಬೆಳಗ್ಗೆ ಹನ್ನೊಂದಕ್ಕೆ ಉಡುಪಿಯದೋ ಮಂಗಳೂರಿನದೋ ನ್ಯಾಯಾಲಯಕ್ಕೆ ಹೋಗಿ. ಕಲಾಪ ಎಲ್ಲರಿಗೂ ತೆರೆದದ್ದು, ಯಾರ ಅನುಮತಿಯೂ ಬೇಡ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ಸಂಕೀರ್ಣದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯ ಎದುರಿನ ಬೆಂಚಿನ ಮೇಲೆ ಕುಳಿತುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಕಾಗದದ ಚೀಲ ಹಿಡಿದು ಕುಳಿತಿರುತ್ತಾರೆ. ಅವರು ಮಾತನಾಡಿದರೆ ಕೇಳಿ, ಸಲಹೆ ಕೊಡಬೇಡಿ. ಸಂಜೆ ಮನೆಗೆ ಬಂದು ಅವರು ಹೇಳಿದ್ದನ್ನು ತಾರೀಕಿನ ಕ್ರಮದಲ್ಲಿ ಒಂದು ಪುಟ ಬರೆಯಲು ನೋಡಿ. ಎಲ್ಲಿ ಕೊಂಡಿ ತಪ್ಪುತ್ತದೋ ಅಲ್ಲಿ ಯಾವ ದಾಖಲೆ ಸಿಗಬೇಕಿತ್ತು ಎಂದು ಪಕ್ಕದಲ್ಲಿ ಗುರುತು ಹಾಕಿ. ಆ ಹಾಳೆ ಹಿಡಿದುಕೊಂಡು ನನ್ನ ಬಳಿಗೆ ಬಂದರೆ, ಮುಂದಿನ ಮಾತನ್ನು ಅಲ್ಲಿಂದ ಆಡೋಣ.